ಅತಿಥಿಗೆಂದು ತಂದ ಸೋಫಾ

2023ರ ಮೇ 16, ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ವಿದ್ಯಾರ್ಥಿವೇತನ ಪ್ರತಿಷ್ಠಾನದ ಪರಿಶೀಲಕನೊಬ್ಬ ದೋರ್ಕಾ ಮುಹೋಂಜಾ ಅವರ ಮನೆಗೆ ಬಂದ. ಹನ್ನೆರಡು ಐದಕ್ಕೆ ಹೊರಟುಹೋದ. ಆ ಒಂದೂ ಮುಕ್ಕಾಲು ಗಂಟೆಯಲ್ಲಿ ಆತ ಮನೆಯ ಆಸ್ತಿಪಾಸ್ತಿಯ ಪಟ್ಟಿ ಮಾಡಿದ. ದೋರ್ಕಾ ಅವರ ಮೊಮ್ಮಗಳು ಮಿನಾಯೋ ಅದನ್ನು ಓದಿ ಸಹಿ ಹಾಕಿದಳು. ಪಟ್ಟಿಯಲ್ಲಿದ್ದ ಮೂರು ಸಾಮಾನು ಮತ್ತು ಒಂದು ಹಸು ಆ ಮನೆಯವಲ್ಲ.

ಮಿನಾಯೋಗೆ ಆಗ ಹತ್ತೊಂಬತ್ತು ವರ್ಷ. ಊರು ಕೆನ್ಯಾದ ವಿಹಿಗಾ ಜಿಲ್ಲೆಯ ಕೆಗೊಂಡಿ. ತಾಯಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ತಂದೆ ಕಿಟಾಲೆಯಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡು ಇತ್ತ ಬರುವುದನ್ನು ಬಿಟ್ಟಿದ್ದ. ಅಜ್ಜಿಯ ಕಾಲೆಕರೆ ಜಮೀನಿನಲ್ಲಿ ಜೋಳ, ಹುರುಳಿಕಾಯಿ, ಒಂದಿಷ್ಟು ಬಾಳೆ. ಜನವರಿಯಲ್ಲಿ ಪ್ರೌಢಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶ ಬಂದಾಗ ಮಿನಾಯೋಗೆ ಎ ಶ್ರೇಣಿ ಸಿಕ್ಕಿತು. ನೈರೋಬಿಯಲ್ಲಿ ನೀರಾವರಿ ಎಂಜಿನಿಯರಿಂಗ್ ಸೀಟು ಸಿಗುವುದು ಬಹುಮಟ್ಟಿಗೆ ಖಚಿತವಿತ್ತು. ಓದಿಸುವವರು ಯಾರು ಎಂಬುದು ಮಾತ್ರ ಖಚಿತವಿರಲಿಲ್ಲ.

ಪ್ರತಿಷ್ಠಾನ ದೇಶದ ಪಶ್ಚಿಮ ಭಾಗದ ಹನ್ನೆರಡು ಮಕ್ಕಳನ್ನು ಪ್ರತಿವರ್ಷ ಆರಿಸಿಕೊಂಡು ಪದವಿ ಮುಗಿಯುವವರೆಗೆ ಪೂರ್ತಿ ಓದಿಸುತ್ತಿತ್ತು. ಆ ವರ್ಷ ಬಂದ ಅರ್ಜಿಗಳು ಮುನ್ನೂರ ನಲವತ್ತು. ಪ್ರಬಂಧ, ಶಿಫಾರಸು ಪತ್ರ, ಲಿಖಿತ ಪರೀಕ್ಷೆ ದಾಟಿ ಮನೆ ತಪಾಸಣೆಯ ಹಂತಕ್ಕೆ ಉಳಿದವರು ಇಪ್ಪತ್ತೆಂಟು ಮಂದಿ. ಮಿನಾಯೋ ಅವರಲ್ಲಿ ಒಬ್ಬಳು.

ಅಲ್ಲಿಯವರೆಗೆ ಆಕೆಯನ್ನು ತಂದವರು ಭೂಗೋಳದ ಮೇಷ್ಟ್ರು ಜೋಥಮ್ ಕಿಸಿಯಾ. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಶಾಲೆಯ ಪ್ರಯೋಗಾಲಯದಲ್ಲಿ ಅವರು ಅರ್ಜಿ ಹಾಕುವ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರು. ಮೊದಲ ದಿನ ಎಲ್ಲರ ಪ್ರಬಂಧವನ್ನೂ ಓದಿ ಮೇಜಿನ ಮೇಲೆ ಎಸೆದರು.

"ದೇಶಸೇವೆ ಮಾಡ್ತೀನಿ ಅಂತ ಹತ್ತೊಂಬತ್ತು ಜನ ಬರ್ದಿದೀರಿ. ಇಷ್ಟು ಜನ ಸೇವೆಗೆ ನಿಂತ್ರೆ ದೇಶ ಎಲ್ಲಾದ್ರೂ ಓಡಿಹೋಗ್ಬೇಕು. ನೀವೇನು ಕನಸು ಕಂಡ್ರಿ ಅಂತ ಅವರು ಕೇಳಲ್ಲ. ಏನು ಮಾಡಿದ್ರಿ, ಎಷ್ಟು ದಿನ ಮಾಡಿದ್ರಿ, ನೋಡಿದೋರು ಯಾರು? ಇದನ್ನ ಬರೀರಿ."

ಮಿನಾಯೋ ಎರಡನೆಯ ಸಲವೂ ಖಾಲಿ ಮಾತನ್ನೇ ಬರೆದು ತಂದಳು. ಕಿಸಿಯಾ ಬೇಸತ್ತು, ಭಾನುವಾರ ಚರ್ಚು ಮುಗಿದ ಮೇಲೆ ಏನು ಮಾಡುತ್ತೀಯ ಎಂದು ಕೇಳಿದರು. ಹಳ್ಳಿಯ ಹನ್ನೊಂದು ಒರತೆಗಳಿಗೂ ಹೋಗಿ ಹತ್ತು ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ಬರೆದುಕೊಳ್ಳುತ್ತೇನೆ ಎಂದಳು. ಎರಡು ವರ್ಷದಿಂದ. ಪುಸ್ತಕ ತರಿಸಿ ನೋಡಿದರು.

"ಇದನ್ಯಾಕೆ ಬರೀಲಿಲ್ಲ?"

"ಅದು ನೀರು ತರೋ ಕೆಲ್ಸ ಸರ್. ಎಲ್ರೂ ತರ್ತಾರೆ."

"ಎಲ್ರೂ ತರ್ತಾರೆ. ಬರೆದಿಡೋರು ಯಾರು?" ಪುಟ ತಿರುವಿದರು. "ಇಲ್ಯಾಕೆ ಖಾಲಿ ಬಿಟ್ಟಿದೀಯ?"

"ಅವತ್ತು ಜ್ವರ ಇತ್ತು. ಹೋಗ್ಲಿಲ್ಲ."

"ಹಿಂದಿನ ವಾರದ ಅಂಕಿನೇ ಹಾಕ್ಬಹುದಿತ್ತಲ್ಲ. ಯಾರಿಗೆ ಗೊತ್ತಾಗ್ತಿತ್ತು?"

"ಹೋಗೇ ಇಲ್ವಲ್ಲ ಸರ್."

ನೂರ ನಾಲ್ಕು ಭಾನುವಾರಗಳಲ್ಲಿ ಹದಿಮೂರು ಖಾಲಿ ಇದ್ದವು. ಕಿಸಿಯಾ ತಮ್ಮ ಶಿಫಾರಸು ಪತ್ರವನ್ನು ಆ ಹದಿಮೂರು ಭಾನುವಾರಗಳ ಮೇಲೆಯೇ ಬರೆದರು.

ಮನೆ ತಪಾಸಣೆಯ ಬಗ್ಗೆ ಮಾತ್ರ ಅವರು ಏನೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಲು ಏನೂ ಇಲ್ಲ ಎಂದುಕೊಂಡಿದ್ದರು. ಪ್ರತಿಷ್ಠಾನದ ನಿಯಮದಂತೆ ಪರಿಶೀಲಕ ಮುಂಚೆ ತಿಳಿಸದೆ ಬರಬೇಕು. ಆ ವರ್ಷ ಬಂದಾತನ ಹೆಸರು ಮ್ವಾಕಿಯೋ, ಕರಾವಳಿ ಕಡೆಯ ತೈತಾದವನು, ಮೂವತ್ತರ ಆಸುಪಾಸು. ವಿಹಿಗಾಕ್ಕೆ ಬಂದದ್ದು ಅದೇ ಮೊದಲು. ಸೋಮವಾರ ಸಂಜೆ ದಾರಿ ಕೇಳಲೆಂದು ಊರ ಹಿರಿಯ ಜುಂಬಾಗೆ ಫೋನ್ ಮಾಡಿದ. ಹತ್ತು ನಿಮಿಷದಲ್ಲಿ ಜುಂಬಾ ದೋರ್ಕಾ ಅವರ ಅಂಗಳದಲ್ಲಿದ್ದ.

"ದೋರ್ಕಾ, ನಾಳೆ ನೈರೋಬಿಯಿಂದ ದೊಡ್ಡೋರು ಬರ್ತಾರೆ, ನಿನ್ನ ಮೊಮ್ಮಗಳಿಗೋಸ್ಕರ. ನಮ್ಮೂರ ಮಾನ ನಿನ್ ಕೈಲಿದೆ ನೋಡು."

ಕೆಗೊಂಡಿಯಲ್ಲಿ ಒಬ್ಬರ ಮನೆಗೆ ಅತಿಥಿ ಬಂದರೆ ಅಕ್ಕಪಕ್ಕದ ಕುರ್ಚಿಗಳೆಲ್ಲ ಆ ಮನೆಗೆ ಬರುತ್ತವೆ. ಹೆಣ್ಣು ಕೇಳಲು ಬಂದಾಗ ಹೀಗೇ, ಬಿಷಪ್ ಬಂದಾಗ ಹೀಗೇ. ಇದನ್ನು ಎರವಲು ಎಂದು ಯಾರೂ ಕರೆಯುವುದಿಲ್ಲ. ಇಂದು ನಿನ್ನ ಮನೆಗೆ ಬಂದವನು ನಾಳೆ ನನ್ನ ಮನೆ ಮುಂದೆ ಹಾದುಹೋಗುತ್ತಾನೆ ಎಂಬ ಲೆಕ್ಕ. ಮಂಗಳವಾರ ಬೆಳಿಗ್ಗೆ ಆರಕ್ಕೆ ನಿವೃತ್ತ ನರ್ಸ್ ಇಮಾಲಿಯ ಮನೆಯಿಂದ ಸೋಫಾ ಹೊರಟಿತು. ಬಂಡೆಗಳ ನಡುವಿನ ಇಳಿಜಾರಿನಲ್ಲಿ ಆರು ಜನ ಹೊತ್ತು ತಂದರು. ಒಂದು ತುದಿಗೆ ಮಿನಾಯೋ ಕೈ ಕೊಟ್ಟಿದ್ದಳು. ಹಿಂದೆಯೇ ಇಮಾಲಿಯ ಟಿವಿ ಬಂತು. ಚರ್ಚಿನ ಹಾಡುಗಾರ್ತಿಯರ ಮುಖ್ಯಸ್ಥೆಯ ಗಾಜಿನ ಬೀರು ಬಂತು. ಕೊನೆಗೆ ಜುಂಬಾ ತನ್ನ ಹಾಲು ಕೊಡುವ ಹಸುವನ್ನು ಹೊಡೆದುಕೊಂಡು ಬಂದು ಬಾಳೆಗಿಡದ ಪಕ್ಕ ಕಟ್ಟಿದ.

ಮಿನಾಯೋ ಒಮ್ಮೆ ಹೇಳಿ ನೋಡಿದಳು. "ಅಜ್ಜಿ, ಅವರು ಬರೋದು ನಮ್ಮನೆ ಹೇಗಿದೆ ಅಂತ ನೋಡೋಕೆ."

"ಅದಕ್ಕೇ ಮತ್ತೆ," ಅಂದರು ದೋರ್ಕಾ. "ನೋಡ್ಲಿ."

ಮಿನಾಯೋ ಕಿಸಿಯಾ ಅವರಿಗೆ ಮೂರು ಸಲ ಫೋನ್ ಮಾಡಿದಳು. ಅವರು ಸೋದರಮಾವನ ಶವಸಂಸ್ಕಾರಕ್ಕೆ ಬುಸಿಯಾಗೆ ಹೋಗಿದ್ದರು. ಫೋನ್ ಆಫ್ ಆಗಿತ್ತು.

ಮ್ವಾಕಿಯೋ ಬಂದಾಗ ಮನೆಯಲ್ಲಿ ಒಂಬತ್ತು ಹೆಂಗಸರಿದ್ದರು. ಕೋಳಿ ಬೆಂದಿತ್ತು. ಅನ್ನವೂ ಇತ್ತು, ಮೆಕ್ಕೆಜೋಳದ ಮುದ್ದೆ ಉಗಾಲಿಯೂ ಇತ್ತು. ಕೋಳಿಯ ಹೊಟ್ಟೆಯೊಳಗಿನ ಗಟ್ಟಿ ಮಾಂಸ ಮುಖ್ಯ ಅತಿಥಿಗೇ ಸೇರಬೇಕಾದದ್ದು. ದೋರ್ಕಾ ಅದನ್ನು ತಾವೇ ಆತನ ತಟ್ಟೆಗೆ ಹಾಕಿದರು. ತಾನು ಕೆಲಸದ ಮೇಲೆ ಬಂದವನು, ಊಟ ಮಾಡುವಂತಿಲ್ಲ ಎಂದು ಆತ ಹೇಳಿದ.

"ಹೊಟ್ಟೆ ನಿನ್ ಕಚೇರಿದಾ?" ಅಂದಳು ಇಮಾಲಿ. "ಉಣ್ಣಪ್ಪ. ಇಷ್ಟು ಬಡಕಲಾಗಿದೀಯ, ವಿದ್ಯಾರ್ಥಿವೇತನ ನಿನಗೇ ಕೊಡ್ಬೇಕು."

ಹೆಂಗಸರು ನಕ್ಕರು. ಆತನೂ ನಕ್ಕು ಎರಡು ತುತ್ತು ತಿಂದ. ಆಮೇಲೆ ಕೈ ತೊಳೆದು ತನ್ನ ಟ್ಯಾಬ್ ತೆಗೆದು ಪಟ್ಟಿ ಮಾಡತೊಡಗಿದ. ಗೋಡೆ ಮಣ್ಣು. ಮಾಡು ತಗಡು, ಹಳೆಯದು. ಸೋಫಾ ಒಂದು. ಸೋಫಾ ಎಷ್ಟು ವರ್ಷದ್ದು ಎಂದು ಕೇಳಿದ.

"ಕೂತ್ಕೊಳ್ಳೋಕೆ ಮಾಡ್ಸಿದ್ದು," ಅಂದರು ದೋರ್ಕಾ. "ಕೂತ್ಕೊಳ್ಳಪ್ಪ."

ಹೊರಡುವ ಮೊದಲು ಆತ ಪಟ್ಟಿಯನ್ನು ಮಿನಾಯೋ ಕೈಗೆ ಕೊಟ್ಟ. ಅಜ್ಜಿ ಪಕ್ಕದಲ್ಲೇ ಕೂತಿದ್ದರು.

"ಓದಿ ನೋಡು. ಎಲ್ಲ ಸರಿ ಇದ್ರೆ ಸಹಿ ಹಾಕು. ತಪ್ಪಿದ್ರೆ ಈಗ್ಲೇ ಹೇಳು."

ಆಕೆ ಎರಡು ಸಲ ಓದಿದಳು. ಇದು ನಮ್ಮದಲ್ಲ ಎಂದು ಅತಿಥಿಯ ಎದುರು ಹೇಳಿದರೆ ಅದು ಅಜ್ಜಿಯ ಮುಖಕ್ಕೆ ಹೇಳಿದಂತೆ, ಸೋಫಾ ಹೊತ್ತು ತಂದವರ ಮುಖಕ್ಕೂ ಹೇಳಿದಂತೆ. ಸಹಿ ಹಾಕಿದಳು.

ಜೂನ್ 12ರಂದು ಪತ್ರ ಬಂತು. ಮನೆಯ ಸ್ಥಿತಿಗೆ ಅಂಕ ಕೊಡುವ ಪದ್ಧತಿ ಪ್ರತಿಷ್ಠಾನದ್ದು. ಹೆಚ್ಚು ಅಂಕ ಬಂದಷ್ಟೂ ಅನುಕೂಲಸ್ಥರು. ಮಿತಿ ಇಪ್ಪತ್ತನಾಲ್ಕು. ಮಿನಾಯೋ ಮನೆಗೆ ಮೂವತ್ತೊಂದು ಬಂದಿತ್ತು. ಅದರಲ್ಲಿ ಹಸುವಿನದು ಎಂಟು, ಟಿವಿಯದು ಆರು, ಸೋಫಾದ್ದು ಐದು, ಬೀರುವಿನದು ಮೂರು. ಗೋಡೆ ಮಣ್ಣಿನದಾದರೂ ಮನೆಯೊಳಗೆ ಅನುಕೂಲವಿದೆ ಎಂದು ಮ್ವಾಕಿಯೋ ಟಿಪ್ಪಣಿ ಬರೆದಿದ್ದ. ಮಿತಿ ದಾಟಿದವರು ಮುಂದೆಯೂ ಅರ್ಜಿ ಹಾಕುವಂತಿಲ್ಲ. ಆಕ್ಷೇಪಣೆ ಇದ್ದರೆ ಏಳು ಕೆಲಸದ ದಿನಗಳೊಳಗೆ, ಅಂದರೆ ಜೂನ್ 21ರೊಳಗೆ, ಸಾಕ್ಷಿ ಸಮೇತ ಸಲ್ಲಿಸಬೇಕು.

ಕಿಸಿಯಾ ಪತ್ರ ಓದಿದರು. ನಡೆದದ್ದನ್ನು ಮಿನಾಯೋ ಹೇಳಿದಳು. ಅವರು ಪತ್ರವನ್ನು ಮಡಿಸಿ ಪ್ರಯೋಗಾಲಯದ ಮೇಜಿನ ಮೇಲಿಟ್ಟರು.

"ಸೋಫಾ ತಂದಿದ್ದು ನಿಮ್ಮಜ್ಜಿ. ಅದನ್ನ ವಿವರಿಸ್ಬಹುದು. ಸಹಿ ಹಾಕಿದ್ದು ನೀನು."

"ಹೌದು ಸರ್."

"ಹನ್ನೊಂದನೇ ನಿಯಮ ಓದಿದೀಯಾ?"

ಓದಿದ್ದಳು. ಸುಳ್ಳು ವಿವರಕ್ಕೆ ಸಹಿ ಹಾಕಿದವರು ಆ ವರ್ಷದ ಆಯ್ಕೆಯಿಂದ ಹೊರಗೆ. ದುರುದ್ದೇಶ ಕಂಡುಬಂದರೆ ಶಾಶ್ವತವಾಗಿ ಹೊರಗೆ. ಆಕ್ಷೇಪಣೆ ಸಲ್ಲಿಸದಿದ್ದರೆ ದಾರಿ ಮುಚ್ಚಿತು. ನಡೆದದ್ದನ್ನು ನಡೆದಂತೆ ಬರೆದರೆ ತನ್ನ ಮೇಲಿನ ದೂರನ್ನು ತಾನೇ ಬರೆದುಕೊಟ್ಟಂತೆ.

ಮೂರನೆಯ ದಾರಿಯನ್ನು ಜುಂಬಾ ತೋರಿಸಿದ. ಮರುದಿನ ದೋರ್ಕಾ ಅವರ ಅಂಗಳದಲ್ಲಿ ಎಲ್ಲರೂ ಸೇರಿದ್ದಾಗ ಆತನಿಗೆ ಇದು ದೊಡ್ಡ ಸಮಸ್ಯೆ ಎಂದೇ ಅನ್ನಿಸಲಿಲ್ಲ.

"ಆ ತೈತಾ ಹುಡುಗ ಏನೂ ಕೇಳ್ಲೇ ಇಲ್ಲ ಅಂತ ಬರೀರಿ ಮೇಷ್ಟ್ರೇ. ಬಂದ, ಉಂಡ, ಹೊರಗೆ ಹೋಗಿ ಸಹಿ ಹಾಕ್ಸ್ಕೊಂಡ. ನಾವು ಒಂಬತ್ತು ಹತ್ತು ಜನ ಸಾಕ್ಷಿ ಹೇಳ್ತೀವಿ. ಅವನೊಬ್ಬ, ನಾವು ಹತ್ತು."

"ಕೇಳಿದ್ರು," ಅಂದಳು ಮಿನಾಯೋ. "ಓದೋಕೆ ಕೊಟ್ರು. ತಪ್ಪಿದ್ರೆ ಹೇಳು ಅಂದ್ರು."

"ನೀನು ಸುಮ್ನಿರು ತಾಯಿ. ನಿನ್ನ ಉಳಿಸೋಕೆ ಹೊರಟಿದೀವಿ."

"ಅವರ ಕೆಲ್ಸ ಹೋಗತ್ತೆ."

"ಹೋದ್ರೆ ಇನ್ನೊಂದು ಸಿಗತ್ತೆ ಬಿಡು. ಕೋಳಿ ಹೊಟ್ಟೆ ತಿಂದಿದ್ದಾನಲ್ಲ, ಅಷ್ಟಾದ್ರೂ ಋಣ ಬೇಡ್ವಾ?"

ಯಾರೂ ನಗಲಿಲ್ಲ. ಕಿಸಿಯಾ ಮಿನಾಯೋ ಕಡೆ ನೋಡಿದರು. ಅವರು ಹೀಗೆ ಬರಿ ಎಂದೂ ಹೇಳಲಿಲ್ಲ, ಬರೆಯಬೇಡ ಎಂದೂ ಹೇಳಲಿಲ್ಲ. ಮಿನಾಯೋ ಒಳಗೆ ಹೋಗಿ ಹಾಳೆ ತಂದಳು. ಮೊದಲ ಸಾಲುಗಳನ್ನು ಅವರ ಮುಂದೆಯೇ ಬರೆದಳು: "ಪಟ್ಟಿಯನ್ನು ನನಗೆ ಓದಲು ಕೊಡಲಾಯಿತು. ನಾನು ಓದಿದೆ. ಅದರಲ್ಲಿನ ನಾಲ್ಕು ವಿವರ ತಪ್ಪೆಂದು ನನಗೆ ಗೊತ್ತಿತ್ತು. ಆದರೂ ಸಹಿ ಹಾಕಿದೆ."

ಜುಂಬಾ ಎದ್ದು ನಿಂತ. "ಮುಗೀತು. ಹಳ್ಳಾನೂ ನೀನೇ ತೋಡ್ದೆ, ಇನ್ನು ಮಲಕ್ಕೋ," ಅಂದು ಟೋಪಿ ಹಾಕಿಕೊಂಡು ಹೊರಟ.

ಸಾಕ್ಷಿಯ ಪ್ರಶ್ನೆ ಉಳಿದಿತ್ತು. ವಸ್ತುಗಳು ಯಾರವು ಎಂದು ಅವುಗಳ ಯಜಮಾನರೂ ಮನೆಯ ಹಿರಿಯರೂ ಆ ಭಾಗದ ಸರ್ಕಾರಿ ಅಧಿಕಾರಿಯಾದ ಸಹಾಯಕ ಚೀಫ್ ಕಚೇರಿಯಲ್ಲಿ ಹೇಳಿಕೆ ಕೊಡಬೇಕಿತ್ತು. ಕಿಸಿಯಾ ಹೇಳಿಕೆಯ ಕರಡು ಬರೆದು ದೋರ್ಕಾ ಅವರಿಗೆ ಓದಿ ಹೇಳಿದರು. ಅದರಲ್ಲಿ "ಅತಿಥಿಗೆ ತಪ್ಪು ತಿಳಿವಳಿಕೆ ಬರುವಂತೆ ನಡೆದುಕೊಂಡೆ" ಎಂದಿತ್ತು.

"ಇದಕ್ಕೆ ನಾನು ಸಹಿ ಹಾಕಲ್ಲ," ಅಂದರು ದೋರ್ಕಾ.

"ಅಮ್ಮಾ, ಹುಡುಗಿ ಓದು ನಿಂತುಹೋಗತ್ತೆ."

"ಗೊತ್ತು. ಮಣ್ಣಿನ ಗೋಡೆ ಅಂತ ಬರೀರಿ. ಮನೇಲಿ ಒಂದು ಬೆಂಚು, ಎರಡು ಸ್ಟೂಲು ಅಂತ ಬರೀರಿ. ಹಸು ಇಲ್ಲ, ಎರಡು ಆಡಿವೆ, ಅದರಲ್ಲಿ ಒಂದು ಕುಂಟು, ಅದನ್ನೂ ಬರೀರಿ. ಬಡತನಕ್ಕೆ ಸಹಿ ಹಾಕೋಕೆ ನನಗೇನು ನಾಚ್ಕೆ? ಆದ್ರೆ ಮನೆಗೆ ಬಂದವನಿಗೆ ಮೋಸ ಮಾಡ್ದೆ ಅಂತ ಬರೀಬೇಡಿ. ನಾನು ಕೂರಿಸ್ದೆ, ಉಣಿಸ್ದೆ. ಅಷ್ಟೇ ಮಾಡಿದ್ದು."

"ಅವರಿಗೆ ಅದು ಹಾಗೆ ಕಾಣ್ಸಲ್ಲ ಅಮ್ಮಾ."

"ಹಾಗಾದ್ರೆ ಕಾಣೋ ಹಾಗೆ ಬರೀರಿ. ಮೇಷ್ಟ್ರು ನೀವಾ ನಾನಾ?"

ಕಿಸಿಯಾ ಕರಡು ಹರಿದುಹಾಕಿದರು. ದೋರ್ಕಾ ಹೇಳುತ್ತಾ ಹೋದರು, ಅವರು ಬರೆದುಕೊಳ್ಳುತ್ತಾ ಹೋದರು. ಮೂರು ಪುಟ ಆಯಿತು. ಬಿಷಪ್ ಬಂದ ವರ್ಷ ತಮ್ಮ ಮನೆಯ ಲ್ಯಾಂಪು ಯಾರ ಮನೆಗೆ ಹೋಗಿತ್ತು ಎಂಬುದೂ ಅದರಲ್ಲಿ ಸೇರಿತು.

ಜೂನ್ 19, ಸೋಮವಾರ, ಬೆಳಿಗ್ಗೆ ಎಂಟೂವರೆಗೆ ಸಹಾಯಕ ಚೀಫ್ ಕಚೇರಿಯಲ್ಲಿ ಏಳು ಜನ ಸೇರಿದರು. ಜುಂಬಾ ಬರುತ್ತಾನೋ ಇಲ್ಲವೋ ಎಂಬ ಅನುಮಾನವಿತ್ತು. ಬಂದ. ಹಸುವಿನ ಲಸಿಕೆ ಚೀಟಿಯನ್ನೂ ತಂದಿದ್ದ. ಹೇಳಿಕೆಯನ್ನು ಗಟ್ಟಿಯಾಗಿ ಓದಿಸುವುದು ಅಲ್ಲಿನ ಕ್ರಮ. ಬಾಗಿಲಲ್ಲಿ ಬೇರೆ ಕೆಲಸಕ್ಕೆ ಬಂದವರೂ ನಿಂತಿದ್ದರು.

"ಸೋಫಾ ಯಾರದು?" ಸಹಾಯಕ ಚೀಫ್ ಕೇಳಿದರು.

"ನನ್ನದು," ಅಂದಳು ಇಮಾಲಿ.

"ಟಿವಿ?"

"ಅದೂ ನಂದೇ. ರಿಮೋಟ್ ಇಲ್ಲೇ ಬ್ಯಾಗಲ್ಲಿದೆ, ನೋಡ್ತೀರಾ?"

"ಬೀರು?"

ಹಾಡುಗಾರ್ತಿಯರ ಮುಖ್ಯಸ್ಥೆ ಕೈ ಎತ್ತಿದಳು.

"ಹಸು?"

"ನಂದು," ಅಂದ ಜುಂಬಾ. "ಎರಡು ಗಂಟೆ ಬೇರೆಯವರ ಅಂಗಳದಲ್ಲಿ ನಿಂತಿದ್ದಕ್ಕೆ ಕೋರ್ಟು ಕಚೇರಿ ಹತ್ತಿದ ಮೊದಲ್ನೇ ಹಸು ಇದೇ ಇರ್ಬೇಕು."

ಬಾಗಿಲಲ್ಲಿದ್ದವರು ನಕ್ಕರು. ದೋರ್ಕಾ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಭಾನುವಾರದ ಬಟ್ಟೆ ಹಾಕಿಕೊಂಡಿದ್ದರು. ಒಂದೊಂದು ಸಲ ಯಾರಾದರೂ 'ನನ್ನದು' ಎಂದಾಗಲೂ ಅವರು ಅತ್ತ ತಿರುಗದೆ ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ಕೊನೆಯಲ್ಲಿ ಸಹಾಯಕ ಚೀಫ್, "ಹಾಗಾದ್ರೆ ಆವತ್ತು ಆ ಕೋಣೇಲಿ ನಿಮ್ಮದು ಅಂತ ಏನಿತ್ತು ಅಮ್ಮಾ?" ಎಂದು ಕೇಳಿದರು. ಅವರು ಕುಚೋದ್ಯ ಮಾಡಿದ್ದಲ್ಲ. ನಮೂನೆಯಲ್ಲಿ ಆ ಕಾಲಂ ಇತ್ತು.

"ಕೋಳಿ," ಅಂದರು ದೋರ್ಕಾ. "ಅನ್ನದ ಅಕ್ಕಿ. ಈ ಹುಡುಗಿ."

ಅವರು ಹೆಬ್ಬೆಟ್ಟು ಒತ್ತಲಿಲ್ಲ. ಪೆನ್ನು ಕೇಳಿ ಪಡೆದು ನಿಧಾನವಾಗಿ ಹೆಸರು ಬರೆದರು. ಮೂವರು ಯಜಮಾನರೂ ಸಹಿ ಮಾಡಿದರು. ಕಾಗದಗಳನ್ನು ಕಿಸಿಯಾ ಅದೇ ದಿನ ಎಂಬಾಲೆ ಪಟ್ಟಣದಿಂದ ಕೊರಿಯರ್‌ನಲ್ಲಿ ಕಳಿಸಿದರು.

ಜುಲೈ 6ರಂದು ಕಿಸುಮುವಿನಲ್ಲಿ ಪ್ರತಿಷ್ಠಾನದ ಸಮಿತಿ ಮಿನಾಯೋಳನ್ನು ಕರೆಯಿತು. ಮೂವರಿದ್ದರು. ಮ್ವಾಕಿಯೋ ಕೂಡ ಒಂದು ಬದಿಗೆ ಕೂತಿದ್ದ. ಅಧ್ಯಕ್ಷೆ ಒರತೆಗಳ ಪುಸ್ತಕವನ್ನು ಮುಂದಿಟ್ಟುಕೊಂಡಿದ್ದರು.

"ಹದಿಮೂರು ಭಾನುವಾರ ಖಾಲಿ ಬಿಟ್ಟಿದೀಯ. ಗೊತ್ತಿಲ್ಲದ್ದನ್ನ ಬರೀಲಿಲ್ಲ. ಪಟ್ಟಿಗೆ ಯಾಕೆ ಸಹಿ ಹಾಕ್ದೆ?"

"ಒರತೆ ಎದುರಿಗೆ ಕೂತು ಕೇಳಿಸ್ಕೊಳ್ತಿರ್ಲಿಲ್ಲ ಮೇಡಂ. ಅಜ್ಜಿ ಕೂತಿದ್ರು."

"ಆಮೇಲೆ ಫೋನ್ ಮಾಡಿ ತಿಳಿಸ್ಬಹುದಿತ್ತಲ್ಲ. ಪತ್ರ ಬರೋಕೆ ಇಪ್ಪತ್ತೇಳು ದಿನ ಇತ್ತು."

ಮಿನಾಯೋ ಒರತೆಗಳ ಪುಸ್ತಕದ ಕಡೆ ನೋಡಿದಳು.

"ಇತ್ತು," ಅಂದಳು. "ಅಂಕ ಹೇಗೆ ಕೊಡ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ. ಬಚಾವಾಗ್ಬಹುದು ಅಂದ್ಕೊಂಡೆ."

ಅಧ್ಯಕ್ಷೆ ಬರೆದುಕೊಂಡರು. ಮ್ವಾಕಿಯೋ ಒಂದೇ ಪ್ರಶ್ನೆ ಕೇಳಿದ. ತನಗೆ ಆ ದಿನ ಬಡಿಸಿದ ಕೋಳಿ ಯಾರ ಮನೆಯದು ಎಂದು.

"ನಮ್ದೇ ಸರ್. ಇದ್ದಿದ್ದು ಎರಡು. ಒಂದು ಮೊಟ್ಟೆ ಇಡ್ತಿತ್ತು, ಅದನ್ನ ಉಳಿಸ್ಕೊಂಡ್ವಿ."

ಆತ ತಲೆ ತಗ್ಗಿಸಿ ಕಾಗದಗಳನ್ನು ಜೋಡಿಸಿಕೊಂಡ.

ಜುಲೈ 18ರಂದು ಬೇರೊಬ್ಬ ಪರಿಶೀಲಕಿ ಬೆಳಿಗ್ಗೆ ಏಳಕ್ಕೆ, ಯಾರಿಗೂ ಫೋನ್ ಮಾಡದೆ ಕೆಗೊಂಡಿಗೆ ಬಂದರು. ದೋರ್ಕಾ ಹೊಲದಲ್ಲಿದ್ದರು. ಈ ಸಲ ಅಂಕ ಒಂಬತ್ತು.

ಜುಲೈ 28ರಂದು ಅಂತಿಮ ಪತ್ರ ಬಂತು. ಕಿಸಿಯಾ ಅದನ್ನು ಅಂಗಳದಲ್ಲಿ ನಿಂತೇ ಓದಿದರು. ಆಕ್ಷೇಪಣೆ ಒಪ್ಪಲಾಗಿದೆ. ಮೂವತ್ತೊಂದರ ಅಂಕ ರದ್ದಾಗಿದೆ. ದುರುದ್ದೇಶ ಕಂಡುಬಂದಿಲ್ಲ. ಆದರೆ ತಪ್ಪೆಂದು ತಿಳಿದೂ ಸಹಿ ಹಾಕಿದ್ದನ್ನು ಅರ್ಜಿದಾರೆಯೇ ಒಪ್ಪಿಕೊಂಡಿರುವುದರಿಂದ, ಹನ್ನೊಂದನೆಯ ನಿಯಮದಂತೆ ಈ ವರ್ಷ ಪರಿಗಣಿಸಲಾಗುವುದಿಲ್ಲ. ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಬಹುದು.

"ಅಂದ್ರೆ?" ದೋರ್ಕಾ ಕೇಳಿದರು.

"ಈ ವರ್ಷ ಇಲ್ಲ ಅಮ್ಮಾ."

"ನನ್ನಿಂದ ಒಂದು ವರ್ಷ ಹೋಯ್ತಾ?"

"ನನ್ ಸಹಿಯಿಂದ ಅಜ್ಜಿ," ಅಂದಳು ಮಿನಾಯೋ.

ದೋರ್ಕಾ ಮೇಷ್ಟ್ರಿಗೆ ಚಹಾ ತರಲು ಒಳಗೆ ಹೋದರು. ಅವರು ಬರುವುದು ಬಹಳ ತಡವಾಯಿತು. ಕಿಸಿಯಾ ಕರೆಯಲಿಲ್ಲ. ಕಾದರು.

ಆ ಸೆಪ್ಟೆಂಬರ್‌ನಲ್ಲಿ ಆಯ್ಕೆಯಾದ ಹನ್ನೆರಡು ಮಂದಿ ವಿಶ್ವವಿದ್ಯಾಲಯಗಳಿಗೆ ಹೋದರು. ಮಿನಾಯೋ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಟ್ಟಳು. ಶನಿವಾರಗಳಂದು ಪ್ರಯೋಗಾಲಯದಲ್ಲಿ ಕಿಸಿಯಾ ಅವರ ಜೊತೆ ಕೂತು ಚಿಕ್ಕವರ ಪ್ರಬಂಧ ತಿದ್ದಿದಳು. 2024ರಲ್ಲಿ ಮತ್ತೆ ಅರ್ಜಿ ಹಾಕಿದಳು. ಆ ವರ್ಷದ ಪ್ರಬಂಧ ಒರತೆಗಳ ಬಗ್ಗೆ ಇರಲಿಲ್ಲ, ಮೇ 16ರ ಬಗ್ಗೆ ಇತ್ತು. ಮುನ್ನೂರ ತೊಂಬತ್ತು ಅರ್ಜಿಗಳಲ್ಲಿ ಆರಿಸಿದ ಹನ್ನೆರಡರ ಪಟ್ಟಿಯಲ್ಲಿ ಆಕೆಯ ಹೆಸರು ಹತ್ತನೆಯದು. ಸೆಪ್ಟೆಂಬರ್ 9, ಸೋಮವಾರ, ಬೆಳಿಗ್ಗೆ ಏಳೂವರೆಯ ಬಸ್ಸಿಗೆ ನೈರೋಬಿಗೆ ಹೊರಟಳು.